ಬಣ್ಣದ ಅಡಿಯಲ್ಲಿರುವ ಕೆಲಸ

ಮರದ ಮೀನೂ ಮರದ ಗೊಂಬೆಯೂ ನೀರಿಗೆ ಮಣಿಯದೆ ಉಳಿಯುವ ಬಗೆ

ಆಷಾಢದ ಮಳೆ ಹಿಡಿಯಿತೆಂದರೆ ಚಂದಗಡ ಸೀಮೆಯ ಹಳೆಯ ಮನೆಗಳಲ್ಲಿ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಅವೇ ಬಾಗಿಲುಗಳು ಸಲೀಸಾಗಿ ತೆರೆದುಕೊಳ್ಳುತ್ತವೆ. ಮರ ಕಡಿದು ಎಷ್ಟೋ ವರ್ಷಗಳು ಸಂದಿದ್ದರೂ ಅದು ಗಾಳಿಯ ತೇವವನ್ನು ಹೀರಿ ಉಬ್ಬುವುದನ್ನೂ ತೇವ ಬಿಟ್ಟು ಕುಗ್ಗುವುದನ್ನೂ ನಿಲ್ಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಾಗಿಲಾದರೆ ಬಡಿಗನು ಅಂಚನ್ನು ಕೊಂಚ ಹತ್ತರಿ ಹಿಡಿದು ಸರಿಪಡಿಸಿಯಾನು. ಆದರೆ ಬಣ್ಣ ಬಳಿದ ಮರದ ವಸ್ತುವಿನ ಕಥೆ ಬೇರೆ. ಒಳಗಿನ ಮರ ಉಬ್ಬಿದಂತೆ ಉಬ್ಬಲು ಮೇಲಿನ ಬಣ್ಣಕ್ಕೆ ಬಾರದು. ಮೊದಲು ಕೂದಲೆಳೆಯಷ್ಟು ಸೀಳು ಕಾಣಿಸುತ್ತದೆ. ಆ ಸೀಳಿನಿಂದ ಇನ್ನಷ್ಟು ನೀರು ಒಳಸೇರುತ್ತದೆ. ಕಡೆಗೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಈ ಸಂಕಟವನ್ನು ಎಲ್ಲರಿಗಿಂತ ಹೆಚ್ಚಾಗಿ ಎದುರಿಸುವ ಪುಟ್ಟ ವಸ್ತುವೊಂದಿದೆ. ಅದು ಗಾಳದ ತುದಿಗೆ ಕಟ್ಟುವ ಮರದ ಮೀನು. ಎರೆಹುಳುವಿಗೆ ಬದಲಾಗಿ ಬೆರಳುದ್ದದ ಮರದ ತುಂಡನ್ನು ಮರಿಮೀನಿನ ಆಕಾರಕ್ಕೆ ಕೆತ್ತಿ, ಬಣ್ಣ ಹಚ್ಚಿ, ಹೊಟ್ಟೆಗೆ ಕೊಕ್ಕೆ ಸಿಕ್ಕಿಸಿ ನೀರಿನಲ್ಲಿ ಎಳೆದರೆ ದೊಡ್ಡ ಮೀನು ಅದನ್ನು ನಿಜವಾದ ಬೇಟೆಯೆಂದು ಬಗೆದು ಬಾಯಿ ಹಾಕುತ್ತದೆ. ನೀರಿನಲ್ಲೇ ಬಾಳಬೇಕು, ಕಲ್ಲಿಗೆ ಬಡಿಯಬೇಕು, ಮೀನಿನ ಹಲ್ಲನ್ನು ತಾಳಬೇಕು, ದಡಕ್ಕೆ ಬಂದೊಡನೆ ಬಿಸಿಲಿನಲ್ಲಿ ಒಣಗಬೇಕು. ಇಂಥ ವಸ್ತುವನ್ನು ಬಾಳಿಕೆ ಬರುವಂತೆ ಮಾಡುವ ವಿದ್ಯೆಯನ್ನು ಅರಿತವನಿಗೆ ಮರದ ಯಾವ ಆಟಿಕೆಯನ್ನಾದರೂ ಕಾಪಾಡುವ ವಿದ್ಯೆ ಕರಗತವಾದಂತೆಯೇ. ನಮ್ಮ ಸುತ್ತಣ ಊರುಗಳ ಕುಶಲಕರ್ಮಿಗಳು ಈ ವಿದ್ಯೆಯನ್ನು ಬೇರೊಂದು ರೂಪದಲ್ಲಿ ತಲೆಮಾರುಗಳಿಂದ ಬಲ್ಲರು. ಅದರ ಸಾರ ಇಷ್ಟೇ: ಬಾಳಿಕೆ ಇರುವುದು ಕಣ್ಣಿಗೆ ಕಾಣುವ ಬಣ್ಣದ ಅಡಿಯಲ್ಲಿ.

ಫಿನ್‌ಲೆಂಡಿನ ಬೆಸ್ತನ ಉಪಾಯ

ಫಿನ್‌ಲೆಂಡ್ ದೇಶದಲ್ಲಿ ಲೌರಿ ರಾಪಾಲಾ ಎಂಬ ಬಡ ಬೆಸ್ತನಿದ್ದನು. ದೋಣಿಯಲ್ಲಿ ಕುಳಿತು ಮೀನುಗಳ ಚಲನೆಯನ್ನು ಗಮನಿಸುತ್ತಿದ್ದ ಆತನಿಗೆ, ಗಾಯಗೊಂಡು ಓಲಾಡುತ್ತ ಈಜುವ ಮರಿಮೀನಿನ ಮೇಲೆಯೇ ದೊಡ್ಡ ಮೀನು ಎರಗುವುದು ಕಂಡುಬಂತು. ಆ ಓಲಾಟವನ್ನು ಅನುಕರಿಸಲು ಆತ 1936ರಲ್ಲಿ ಚಮ್ಮಾರರ ಚಾಕುವಿನಿಂದ ಬೆಂಡಿನ ತುಂಡನ್ನು ಕೆತ್ತಿ ಮೀನು ಮಾಡಿದನು. ಬೆಳ್ಳಗೆ ಹೊಳೆಯಲೆಂದು ಚಾಕೊಲೇಟಿಗೆ ಸುತ್ತಿ ಬರುತ್ತಿದ್ದ ತಗಡಿನ ಹಾಳೆಯನ್ನು ಅದಕ್ಕೆ ಅಂಟಿಸಿದನು. ನೀರು ಒಳಹೋಗದಂತೆ ಹಚ್ಚಲು ಬೇಕಾದ ಲೇಪವನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಹಳೆಯ ಫೋಟೋ ಫಿಲ್ಮುಗಳನ್ನು ಕರಗಿಸಿ ಅದನ್ನೇ ಮೇಲೆ ಹಚ್ಚಿದನು. ಕೈಕೆಲಸವಾಗಿ ಆರಂಭವಾದ ಆ ಮರದ ಮೀನು ಮುಂದೆ ಜಗತ್ತಿನ ಅನೇಕ ದೇಶಗಳಿಗೆ ಹೋಯಿತು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಮೂರು ಪದರಗಳು. ಒಳಗೆ ಹಗುರವಾದ ದೇಹ, ನಡುವೆ ಬೆಳಕನ್ನು ಮರಳಿಸುವ ಬಿಳಿಯ ಪದರ, ಹೊರಗೆ ನೀರು ತಡೆಯುವ ಪದರ. ಬೆಂಡಿನ ಬದಲು ಮುಂದೆ ಬಾಲ್ಸಾ ಮರ ಬಳಕೆಗೆ ಬಂತು. ಸಾಗುವಾನಿ ಒಂದು ಘನ ಮೀಟರಿಗೆ 600 ಕಿಲೋಗ್ರಾಂಗೂ ಹೆಚ್ಚು ತೂಗಿದರೆ ಬಾಲ್ಸಾ ತೂಗುವುದು ಸುಮಾರು 160 ಕಿಲೋಗ್ರಾಂ ಮಾತ್ರ. ಹಗುರ ಮರ ಚೆನ್ನಾಗಿ ತೇಲುತ್ತದೆ, ಚೆನ್ನಾಗಿ ಓಲಾಡುತ್ತದೆ. ಆದರೆ ಅದರ ತುಂಬ ಪೊಳ್ಳು ಇರುವುದರಿಂದ ನೀರನ್ನು ಹೀರುವುದೂ ಬೇಗ. ನೀರು ಹೀರಿದ ಮೀನು ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದ ಮೀನನ್ನು ನಂಬುವ ಮೀನಿಲ್ಲ.

ನೀರು ಎಲ್ಲಿಂದ ಬರುತ್ತದೆ?

ಮರವೆಂದರೆ ಸೂಕ್ಷ್ಮ ಕೊಳವೆಗಳ ಕಟ್ಟು. ಬೇರಿನಿಂದ ಎಲೆಗೆ ನೀರು ಸಾಗಿಸುವುದೇ ಆ ಕೊಳವೆಗಳ ಕೆಲಸವಾಗಿತ್ತು. ಹಲಗೆಯ ಮಗ್ಗುಲಿನಲ್ಲಿ ಈ ಕೊಳವೆಗಳು ಅಡ್ಡ ಮಲಗಿರುತ್ತವೆ. ಅಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ. ಆದರೆ ಮರವನ್ನು ಅಡ್ಡಕ್ಕೆ ಕೊಯ್ದ ತುದಿಯಲ್ಲಿ ಕೊಳವೆಗಳ ಬಾಯಿ ತೆರೆದಿರುತ್ತದೆ. ಮರದ ಮೀನಿಗೆ ಅದರ ಮೂತಿ ಮತ್ತು ಬಾಲ ಇಂಥ ತುದಿಗಳು. ಗೊಂಬೆಗೆ ಅದರ ಪಾದ, ನೆತ್ತಿ, ಕೈಗಳ ಕೊನೆ. ಯಾವುದೇ ಲೇಪವನ್ನು ಈ ತುದಿಗಳಿಗೆ ಉಳಿದ ಕಡೆಗಿಂತ ಒಂದೆರಡು ಸಲ ಹೆಚ್ಚು ಕುಡಿಸಬೇಕು.

ಎರಡನೆಯ ದಾರಿ ಮೊಳೆ, ತಿರುಪು, ಕೊಕ್ಕೆಗಳಿಗಾಗಿ ಕೊರೆದ ತೂತು. ಬಣ್ಣವೆಲ್ಲ ಮುಗಿದ ಮೇಲೆ ತೂತು ಕೊರೆಯುವವನು ತಾನು ಕಟ್ಟಿದ ಕೋಟೆಗೆ ತಾನೇ ಬಾಗಿಲು ತೆಗೆದಂತೆ. ಆದಕಾರಣ ತೂತುಗಳನ್ನೆಲ್ಲ ಮೊದಲೇ ಕೊರೆದು, ಅವುಗಳ ಒಳಗೋಡೆಗೂ ಲೇಪ ತಾಗಿಸಬೇಕು. ತಿರುಪನ್ನು ಕೂಡಿಸುವಾಗ ಒಂದು ಹನಿ ಅಂಟು ಹಾಕಿ ಬಿಗಿಯುವುದು ಬಲ್ಲವರ ಕ್ರಮ.

ಮೂರನೆಯದು ಮರದ ಒಳಗೇ ಅಡಗಿದ ನೀರು. ಹಸಿ ಮರಕ್ಕೆ ಗಟ್ಟಿ ಲೇಪ ಹಚ್ಚಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಿಸಿಲಿನಲ್ಲಿ ಬಣ್ಣವನ್ನು ಗುಳ್ಳೆಯೆಬ್ಬಿಸುತ್ತದೆ. ಮರ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ತುಂಡನ್ನು ಕಿರಾಣಿ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತ ದಿನ ಆ ಮರ ಕೆಲಸಕ್ಕೆ ಬಂದಿದೆ ಎಂದರ್ಥ.

ಮುಚ್ಚುವ ಲೇಪ, ಹಿಡಿಯುವ ಲೇಪ

ಬಣ್ಣದ ಅಡಿಯ ಕೆಲಸದಲ್ಲಿ ಎರಡು ಭಾಗಗಳಿವೆ. ಅವೆರಡನ್ನೂ ಒಂದೇ ಎಂದು ಭಾವಿಸಬಾರದು. ಮೊದಲನೆಯದು ಮರದ ಬಾಯಿಗಳನ್ನು ಮುಚ್ಚುವುದು. ಇದಕ್ಕೆ ಪೇಟೆಯಲ್ಲಿ ಸೀಲರ್ ಎನ್ನುತ್ತಾರೆ. ಎರಡನೆಯದು ಬಣ್ಣಕ್ಕೆ ಹಿಡಿತ ಕೊಡುವ ಬಿಳಿಯ ಲೇಪ, ಇದೇ ಪ್ರೈಮರ್.

ಮುಚ್ಚುವ ಲೇಪಕ್ಕೆ ನಮ್ಮ ಕಡೆಯ ಬಡಿಗರಿಗೆ ಬಹು ಕಾಲದಿಂದ ಪರಿಚಿತವಾದದ್ದು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟಿನಿಂದ ಇದು ಸಿದ್ಧವಾಗುತ್ತದೆ. ಅರಗಿನ ಹಪ್ಪಳದಂಥ ಚೂರುಗಳನ್ನು ಪಾಲಿಶ್ ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಚ್ಚುತ್ತಾರೆ. ಮೊದಲ ಕೈ ನೀರಿನಷ್ಟು ತೆಳುವಾಗಿರಬೇಕು, ಏಕೆಂದರೆ ಅದು ಮರದ ಒಳಗೆ ಇಳಿಯಬೇಕು. ದಪ್ಪ ಲೇಪ ಮೇಲೆಯೇ ಕೆನೆಯಂತೆ ನಿಂತುಬಿಡುತ್ತದೆ. ತೆಳುವಾದ ಎರಡು ಮೂರು ಕೈಗಳು ದಪ್ಪನೆಯ ಒಂದು ಕೈಗಿಂತ ಎಂದಿಗೂ ಮೇಲು.

ಮೊದಲ ಕೈ ಒಣಗಿದಾಗ ಮರದ ನವಿರೆಳೆಗಳು ಎದ್ದು ನಿಂತು ಮೈ ಒರಟಾಗುತ್ತದೆ. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಧೂಳನ್ನು ಒರೆಸಿ, ಮುಂದಿನ ಕೈ ಹಚ್ಚಬೇಕು. ಅರಗಿಗೆ ಒಂದು ಮಿತಿಯುಂಟು: ಬಹಳ ಹೊತ್ತು ನೀರಿನಲ್ಲಿದ್ದರೆ ಅದು ಬೆಳ್ಳಗಾಗುತ್ತದೆ, ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಆದ್ದರಿಂದ ನೀರಿಗೆ ಇಳಿಯುವ ವಸ್ತುವಿನಲ್ಲಿ ಅರಗನ್ನು ಒಳಪದರವಾಗಿ ಇಟ್ಟು, ಎಲ್ಲಕ್ಕೂ ಮೇಲೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿಯನ್ನೋ ಪಾಲಿಯುರೆಥೇನ್ ವಾರ್ನಿಷನ್ನೋ ಬಳಸುತ್ತಾರೆ.

ಬಿಳಿಯ ಲೇಪದ ಕೆಲಸ ಬೇರೆ. ಅರಗಿನ ಮೈ ಗಾಜಿನಂತೆ ನುಣುಪು. ಅದರ ಮೇಲೆ ಬಣ್ಣ ಜಾರುತ್ತದೆ. ಸುಣ್ಣದಂಥ ಪುಡಿ ಬೆರೆತ ಪ್ರೈಮರಿನ ಮೈ ಸೂಕ್ಷ್ಮವಾಗಿ ಒರಟು. ಬಣ್ಣ ಅದನ್ನು ಕಚ್ಚಿ ಹಿಡಿಯುತ್ತದೆ. ಮರದ ಕಂದು ಛಾಯೆಯನ್ನು ಅದು ಮರೆಮಾಡುವುದರಿಂದ ಹಳದಿ ಹಳದಿಯಾಗಿಯೇ, ಕೆಂಪು ಕೆಂಪಾಗಿಯೇ ಬೆಳಗುತ್ತದೆ.

ಇಚಲಕರಂಜಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗಕ್ಕೆ ಏರುವ ಮುನ್ನ ಹಾಸಿನ ನೂಲಿಗೆ ಗಂಜಿ ಉಣಿಸುವ ಸೈಜಿಂಗ್ ಕೆಲಸವನ್ನು ಅವರು ದಿನವೂ ಕಾಣುತ್ತಾರೆ. ಬಟ್ಟೆ ಕೊಳ್ಳುವವನಿಗೆ ಆ ಗಂಜಿ ಕಾಣದು. ಆದರೆ ಅದು ಇಲ್ಲದಿದ್ದರೆ ನೂಲು ಮಗ್ಗದ ಹೊಡೆತಕ್ಕೆ ಹರಿದು ಹೋಗುತ್ತದೆ. ಅಂಥ ಗಂಜಿಗೆ ಬಳಸುತ್ತ ಬಂದಿರುವ ವಸ್ತುಗಳಲ್ಲಿ ಹುಣಸೆ ಬೀಜದ ಹಿಟ್ಟೂ ಒಂದು. ಮರದ ಗೊಂಬೆಯ ಕಥೆಯಲ್ಲಿಯೂ ಅದೇ ಹುಣಸೆ ಬೀಜ ನಮಗೆ ಮತ್ತೆ ಎದುರಾಗುತ್ತದೆ.

ಹೊಳೆಯ ಕೆಳಗೂ ಘಟ್ಟದ ಕೆಳಗೂ

ಸಹ್ಯಾದ್ರಿಯಲ್ಲಿ ಹುಟ್ಟಿ ಚಂದಗಡ ತಾಲ್ಲೂಕಿನಲ್ಲಿ ಹರಿಯುವ ಘಟಪ್ರಭೆ ತಾಮ್ರಪರ್ಣಿಯನ್ನು ಕೂಡಿಕೊಂಡು, ಹಿಡಕಲ್ ಜಲಾಶಯವನ್ನು ತುಂಬಿ ಗೋಕಾಕಿಗೆ ಸಾಗುತ್ತದೆ. ಅದೇ ಗೋಕಾಕ ಒಂದು ಕಾಲಕ್ಕೆ ಜಲಪಾತದಷ್ಟೇ ಆಟಿಕೆಗಳಿಗೂ ಹೆಸರಾಗಿತ್ತು. ಹಗುರ ಮರದಿಂದಲೂ ಮಣ್ಣಿನಿಂದಲೂ ಮಾಡಿದ ಅಲ್ಲಿಯ ಮನುಷ್ಯಾಕೃತಿಗಳು, ಹಣ್ಣುಗಳು ನಿಜವಾದವನ್ನೇ ಹೋಲುತ್ತಿದ್ದವು.

ಇನ್ನೂ ಪೂರ್ವಕ್ಕೆ ಕೊಪ್ಪಳ ಜಿಲ್ಲೆಯ ಕಿನ್ನಾಳವಿದೆ. ಬಣ್ಣದ ಅಡಿಯ ಕೆಲಸವನ್ನು ಕಲಿಯಬಯಸುವವನು ನೋಡಲೇಬೇಕಾದ ಊರು ಅದು. ಕಿನ್ನಾಳದ ಚಿತ್ರಗಾರರು ಹಗುರ ಮರದ ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಹಾಗೂ ಹುಣಸೆ ಬೀಜದ ಸರಿಯೊಡನೆ ಕಲಸಿದರೆ ಕಿಟ್ಟ ಎಂಬ ಮೆತ್ತು ಸಿದ್ಧವಾಗುತ್ತದೆ. ಗೊಂಬೆಯ ಮೈಗೆಲ್ಲ ಈ ಕಿಟ್ಟವನ್ನು ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಹುಣಸೆ ಅಂಟಿನಿಂದಲೇ ಹಚ್ಚುತ್ತಾರೆ. ಬಟ್ಟೆಯ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಇಷ್ಟೆಲ್ಲ ಆದ ಮೇಲೆ ಬಣ್ಣ.

ಈ ಕ್ರಮದಲ್ಲಿರುವ ವಿವೇಕವನ್ನು ನೋಡಿರಿ. ಕಿಟ್ಟ ಮರದ ಸಂದುಗೊಂದುಗಳನ್ನು ತುಂಬುತ್ತದೆ. ಮರ ಕೊಂಚ ಉಬ್ಬಿ ಕುಗ್ಗಿದರೂ ಬಟ್ಟೆಯ ಎಳೆಗಳು ಆ ಎಳೆದಾಟವನ್ನು ಹಂಚಿಕೊಂಡು ಸೀಳು ಮೇಲೆ ಬಾರದಂತೆ ತಡೆಯುತ್ತವೆ. ಕಲ್ಲಿನ ಪುಡಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಇಂದು ಮರದ ದೋಣಿಗಳ ಮೈಗೆ ಗಾಜಿನ ನೂಲಿನ ಬಟ್ಟೆ ಹಾಸಿ ರಾಳ ಹಚ್ಚುವ ಕ್ರಮದ ತತ್ತ್ವವೂ ಇದೇ.

ಚಂದಗಡದಿಂದ ಪಡುವಣಕ್ಕೆ ತಿರುಗಿದರೆ ಅಂಬೋಲಿ ಘಟ್ಟ ಇಳಿದೊಡನೆ ಸಾವಂತವಾಡಿ. ಅಲ್ಲಿಯ ಚಿತಾರ ಆಳಿಯ ಅಂಗಡಿಗಳಲ್ಲಿ ಮರದ ಮಾವು, ಬಾಳೆ, ಬದನೆ, ಹಾಗಲಗಳ ಸಾಲು ನಮ್ಮ ಭಾಗದ ಪ್ರವಾಸಿಗರಿಗೆಲ್ಲ ಚಿರಪರಿಚಿತ. ಪಾಂಗಾರಾ ಎಂದು ಮರಾಠಿಯಲ್ಲಿ ಕರೆಯುವ ಹಾಲುವಾಣದ ಹಗುರ ಮರವನ್ನು ಅಲ್ಲಿ ಆಟಿಕೆಗಳಿಗೆ ಬಳಸುತ್ತ ಬಂದಿದ್ದಾರೆ. ಅಲ್ಲಿಯ ಗಂಜೀಫಾ ಎಲೆಗಳಂತೂ ಅಡಿಲೇಪದ ಕಲೆಯೇ ಸರಿ. ದಶಾವತಾರದ ಒಂದು ಕಟ್ಟಿನಲ್ಲಿ 120 ದುಂಡನೆಯ ಎಲೆಗಳು. ಬಟ್ಟೆ ಅಥವಾ ಕಾಗದದ ಪದರಗಳಿಗೆ ಹುಣಸೆ ಬೀಜದ ಸರಿ ಹಚ್ಚಿ ಗಟ್ಟಿಮಾಡಿ, ಸೀಮೆಸುಣ್ಣದ ಲೇಪ ಕೊಟ್ಟು, ಉಜ್ಜಿ ನುಣುಪುಗೊಳಿಸಿ, ಚಿತ್ರ ಬರೆದು, ಮೇಲೆ ಅರಗು ಹಚ್ಚುವುದು ಹಳೆಯ ಕ್ರಮ. ಸಂಸ್ಥಾನದ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿ ದಂಪತಿಗಳು ಅಳಿವಿನ ಅಂಚಿಗೆ ಬಂದಿದ್ದ ಈ ಕಲೆಯನ್ನು ಅರಮನೆಯಲ್ಲಿಯೇ ಕಾರ್ಯಶಾಲೆ ತೆರೆದು ಉಳಿಸಿದರು. ಗಂಜೀಫಾದಲ್ಲಿ ದರ್ಬಾರ್ ಕಲಂ, ಬಾಜಾರ್ ಕಲಂ ಎಂದು ಎರಡು ದರ್ಜೆಗಳಿದ್ದವು: ಒಂದು ಒಡ್ಡೋಲಗಕ್ಕೆ, ಇನ್ನೊಂದು ಸಂತೆಗೆ.

ಚನ್ನಪಟ್ಟಣದವರ ದಾರಿ ಇವೆಲ್ಲಕ್ಕಿಂತ ಬೇರೆ. ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಲ್ಲಿ ಮುಚ್ಚುವ ಲೇಪವೂ ಬಣ್ಣವೂ ಹೊಳಪೂ ಒಂದೇ. ಆದರೆ ದುಂಡಗೆ ತಿರುಗುವ ಆಕಾರಗಳಿಗೆ ಮಾತ್ರ ಈ ವಿಧಾನ ಒಗ್ಗುತ್ತದೆ. ಮೀನಿನಂಥ ಚಪ್ಪಟೆ ಮೈಗೆ ಕಿನ್ನಾಳ, ಸಾವಂತವಾಡಿಗಳ ದಾರಿಯೇ ಗತಿ.

ನಮ್ಮ ಗೋಡಂಬಿ ಸಿಪ್ಪೆಯ ಎಣ್ಣೆ

ನೀರಿನಿಂದ ಮರವನ್ನು ಕಾಪಾಡುವ ಇನ್ನೊಂದು ವಸ್ತು ನಮ್ಮ ಚಂದಗಡದಲ್ಲಿಯೇ ರಾಶಿ ಬೀಳುತ್ತದೆ. ಗೋಡಂಬಿ ಕಾರಖಾನೆಗಳಲ್ಲಿ ಬೀಜ ಒಡೆದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಕಪ್ಪನೆಯ ದಪ್ಪ ಎಣ್ಣೆಯಿದೆ. ಕರಾವಳಿಯ ಮೀನುಗಾರರು ಮರದ ದೋಣಿಗಳಿಗೆ ಹಚ್ಚುತ್ತ ಬಂದದ್ದು ಈ ಎಣ್ಣೆಯನ್ನೇ. ಹುಳು ಕೊರೆಯದಂತೆಯೂ ಮರ ಕೊಳೆಯದಂತೆಯೂ ಅದು ಕಾಯುತ್ತದೆ. ಇದೇ ಎಣ್ಣೆಯಿಂದ ಪಡೆಯುವ ಕಾರ್ಡನಾಲ್ ಎಂಬ ವಸ್ತುವನ್ನು ಇಂದು ಹಡಗುಗಳಿಗೆ ಹಚ್ಚುವ ಎಪಾಕ್ಸಿ ಬಣ್ಣಗಳನ್ನು ಗಟ್ಟಿಗೊಳಿಸುವ ದ್ರವ್ಯದಲ್ಲಿ ಬಳಸುತ್ತಾರೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಬಿಬ್ಬಾ ಅಥವಾ ಕೇರುಬೀಜವೂ, ಜಪಾನಿನ ಹೆಸರಾಂತ ಮರಗೆಲಸಕ್ಕೆ ಹೊಳಪು ಕೊಡುವ ಅಂಟಿನ ಮರವೂ ಗೋಡಂಬಿಯ ಕುಟುಂಬಕ್ಕೇ ಸೇರಿದವು. ಆದರೆ ಒಂದು ಎಚ್ಚರ: ಹಸಿ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಅದು ದೋಣಿಗೆ ಸರಿ. ಮಕ್ಕಳ ಕೈಗೆ ಸರ್ವಥಾ ಕೂಡದು.

ಪಾಲಕರು ಕೇಳಬೇಕಾದ ಪ್ರಶ್ನೆ

ಇಷ್ಟೆಲ್ಲ ವಿವರ ಗೃಹಸ್ಥರಿಗೇಕೆ ಎಂದು ಕೇಳಬಹುದು. ಮರದ ಆಟಿಕೆ ಮಗುವಿನ ಕೈಗಷ್ಟೇ ಅಲ್ಲ, ಬಾಯಿಗೂ ಹೋಗುತ್ತದೆ. ಅಡಿಲೇಪವಿಲ್ಲದ ಆಟಿಕೆ ಜೊಲ್ಲಿಗೆ ನೆನೆದು ಬಣ್ಣದ ಹಕ್ಕಳೆ ಬಿಟ್ಟರೆ ಅದು ಹೊಟ್ಟೆ ಸೇರುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಅದು ಬೆಳೆಯುವ ಮಗುವಿನ ಮಿದುಳಿಗೆ ವಿಷ. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರಕಾರವು 2016ರಲ್ಲಿ ಮಾಡಿದ ನಿಯಮವು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಯಂತ್ರಗಳಿಗೂ ವಾಹನಗಳಿಗೂ ಹಚ್ಚುವ ಬಣ್ಣಗಳು ಈ ನಿಯಮದ ಹೊರಗಿವೆ. ಅಂಥ ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಆಟಿಕೆಗೆ ಬಳಿಯುವುದು ತರವಲ್ಲ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡುವ ಆಟಿಕೆಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿಯಿದೆ. ವಿನಾಯಿತಿ ದೊರೆತದ್ದು ಯೋಗ್ಯವೇ. ಆದರೆ ಅಲ್ಲಿ ಮಗುವಿನ ಕ್ಷೇಮಕ್ಕೆ ಕುಶಲಕರ್ಮಿಯ ಕೈಯೇ ಹೊಣೆ. ಆ ಕೈಗೆ ನಾವು ಎಷ್ಟು ಬೆಲೆ ಕೊಡುತ್ತೇವೆ? ಕಿಟ್ಟ ಮೆತ್ತಿ ಒಣಗಿಸಲು, ಉಜ್ಜಿ ಮತ್ತೆ ಲೇಪಿಸಲು ದಿನಗಳು ಹಿಡಿಯುತ್ತವೆ. ಬಣ್ಣ ಬಳಿಯಲು ಗಳಿಗೆ ಸಾಕು. ಎರಡು ಗೊಂಬೆಗಳು ಅಂಗಡಿಯಲ್ಲಿ ಒಂದೇ ತೆರನಾಗಿ ಹೊಳೆಯುವಾಗ ಅಗ್ಗದ್ದನ್ನೇ ಆರಿಸುತ್ತ ಹೋದರೆ, ಕಾಣದ ಕೆಲಸವನ್ನು ಬಿಟ್ಟುಬಿಡುವಂತೆ ನಾವೇ ಅವನಿಗೆ ಕಲಿಸಿದಂತಾಗುತ್ತದೆ. ಹಾಗೆ ಬಿಟ್ಟುಹೋದ ವಿದ್ಯೆ ಒಂದು ತಲೆಮಾರಿನ ನಂತರ ಕೇಳಿದರೂ ಸಿಗದು.

ಆದಕಾರಣ ಕೊಳ್ಳುವಾಗ ಗೊಂಬೆಯ ಮುಖವನ್ನು ನೋಡಿದ ಮೇಲೆ ಅದನ್ನು ತಿರುವಿ ಪಾದವನ್ನೂ ನೋಡಿರಿ. ಅಡಿಭಾಗದಲ್ಲಿ ಹಸಿ ಮರ ಕಾಣುತ್ತಿದೆಯೇ? ಜೋಡಿನ ಸಂದು ಬಿಟ್ಟಿದೆಯೇ? ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಬರುತ್ತದೆಯೇ? “ಇದರ ಅಡಿಗೆ ಏನು ಹಚ್ಚಿದ್ದೀರಿ?” ಎಂದು ಕೇಳಿರಿ. ನಿಜವಾದ ಕುಶಲಕರ್ಮಿ ಆ ಪ್ರಶ್ನೆಗೆ ಬೇಸರಿಸುವುದಿಲ್ಲ; ಸಂತೋಷದಿಂದ ವಿವರಿಸುತ್ತಾನೆ.

ಶಾಲೆಯ ಕಾರ್ಯಾನುಭವಕ್ಕೊಂದು ಪಾಠ

ಮಕ್ಕಳು ಇದನ್ನು ಕೈಯಾರೆ ಮಾಡಿ ಅರಿಯಬಹುದು. ಹಾಲುವಾಣದಂಥ ಹಗುರ ಮರದ ಚೆನ್ನಾಗಿ ಒಣಗಿದ ತುಂಡಿನಿಂದ ಒಂದೇ ಅಳತೆಯ ಮೂರು ಮೀನುಗಳನ್ನು ಹಿರಿಯರ ನೆರವಿನಿಂದ ಕೆತ್ತಬೇಕು. ಕೊಕ್ಕೆ ಬೇಡ. ಮೊದಲನೆಯದನ್ನು ಬರಿದೇ ಇಡಬೇಕು. ಎರಡನೆಯದಕ್ಕೆ ನೇರವಾಗಿ ಬಣ್ಣ ಬಳಿಯಬೇಕು. ಮೂರನೆಯದಕ್ಕೆ ಅರಗಿನ ತೆಳು ಲೇಪ ಮೂರು ಕೈ, ಮೂತಿ ಬಾಲಗಳಿಗೆ ಇನ್ನೊಂದು ಕೈ, ಬಿಳಿಯ ಪ್ರೈಮರ್ ಎರಡು ಕೈ, ಅದರ ಮೇಲೆ ಬಣ್ಣ, ಕೊನೆಗೆ ವಾರ್ನಿಷ್. ಪ್ರತಿಯೊಂದು ಕೈಯೂ ಪೂರ್ಣ ಒಣಗಿದ ಮೇಲೆಯೇ ಮುಂದಿನದು. ಸ್ಪಿರಿಟ್ ಬೆಂಕಿಗೆ ಬೇಗ ಹತ್ತುವ ವಸ್ತುವಾದ್ದರಿಂದ ಈ ಕೆಲಸ ಒಲೆಯಿಂದ ದೂರ, ಗಾಳಿಯಾಡುವ ಪಡಸಾಲೆಯಲ್ಲಿ, ದೊಡ್ಡವರ ಸಮ್ಮುಖದಲ್ಲಿಯೇ ಆಗಬೇಕು.

ಮೂರನ್ನೂ ತೂಗಿ ಬರೆದುಕೊಂಡು, ಕಲ್ಲು ಕಟ್ಟಿ ಬಕೆಟ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಬೆಳಿಗ್ಗೆ ಒರೆಸಿ ಮತ್ತೆ ತೂಗಬೇಕು. ಯಾವುದು ಎಷ್ಟು ನೀರು ಕುಡಿಯಿತು ಎಂಬುದನ್ನು ತಕ್ಕಡಿಯೇ ಹೇಳುತ್ತದೆ. ಅವನ್ನು ನೆರಳಿನಲ್ಲಿ ಒಣಗಿಸಿ ಮತ್ತೆ ಮುಳುಗಿಸಿ, ಹೀಗೆ ಐದಾರು ಸಲ ಮಾಡಿದರೆ ಎರಡನೆಯ ಮೀನಿನ ಮೈಮೇಲೆ ಸೀಳು ಎಲ್ಲಿಂದ ಆರಂಭವಾಯಿತೆಂದು ಮಕ್ಕಳು ತಾವೇ ತೋರಿಸುವರು. ತೂಕದ ಪಟ್ಟಿಯಿಂದ ಗಣಿತದ ಶೇಕಡಾ ಲೆಕ್ಕವೂ ಆಗುತ್ತದೆ, ವಿಜ್ಞಾನದ ಪಾಠವೂ ಆಗುತ್ತದೆ.

ಕಾಲವನ್ನು ಮಾತ್ರ ನೋಡಿಕೊಳ್ಳಬೇಕು. ಚಂದಗಡದ ಮಳೆಗಾಲದಲ್ಲಿ ಮರವೂ ಒಣಗದು, ತೇವದ ಗಾಳಿಗೆ ಅರಗೂ ಮಂಜು ಕವಿದಂತೆ ಬೆಳ್ಳಗಾಗುವುದು. ದಸರೆ ಕಳೆದು ಗಾಳಿ ಒಣಗಿದ ಮೇಲೆ ಆರಂಭಿಸಿದರೆ ದೀಪಾವಳಿಯ ರಜೆಯಲ್ಲಿ ಕೆಲಸ ಮುಗಿಯುತ್ತದೆ. ಅಷ್ಟರೊಳಗೆ ಮರದ ತುಂಡುಗಳನ್ನು ಅಟ್ಟದ ಮೇಲೆ ಒಣಗಲು ಇಟ್ಟಿರಬೇಕು.